ಹಳೇ ಆಟೊಮ್ಯಾಟಿಕ್‌ಗೆ ಹೊಸ ಆಯಿಲ್: ಹಾಕಬೇಕೋ, ಬೇಡವೋ?

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ಮಿಸ್ತ್ರಿಯ ಉತ್ತರ

ಪ್ರಶ್ನೆ: ಮಿಸ್ತ್ರಿ ಅಣ್ಣಾವ್ರೇ, ನಮ್ಮ ಮಾವನವರ 2010ರ ಹೋಂಡಾ ಸಿಟಿ ಆಟೊಮ್ಯಾಟಿಕ್ ಈಗ ನನ್ನ ಕೈಗೆ ಬಂದಿದೆ. ಒಂದು ಲಕ್ಷ ಕಿ.ಮೀ. ದಾಟಿದೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಒಂದು ಬಿಲ್ಲೂ ಸಿಗಲಿಲ್ಲ. ಬೆಳಿಗ್ಗೆ ರಿವರ್ಸ್ ಹಾಕಿದಾಗ ಸಣ್ಣ ಝಟ್ಕಾ ಹೊಡೆಯುತ್ತದೆ. ಉಳಿದಂತೆ ಚೆನ್ನಾಗಿ ಓಡುತ್ತದೆ. ಇಲ್ಲಿನ ಒಬ್ಬರು, “ಹಳೇ ಆಯಿಲ್ ಮೇಲೇ ಗೇರ್‌ಬಾಕ್ಸ್ ನಿಂತಿದೆ, ತೆಗೆದರೆ ಕೂತುಬಿಡುತ್ತದೆ” ಎಂದು ಹೆದರಿಸಿದರು. ಇನ್ನೊಬ್ಬರು ಮಷಿನ್ ಹಚ್ಚಿ ಪೂರ್ತಿ ತೊಳೆಯಲೇಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಬೀದರ್

ಉತ್ತರ: ಅಕ್ಕಾವ್ರೇ, ಇಬ್ಬರ ಮಾತೂ ಬೇಡ. ಆಯಿಲ್ ಬದಲಿಸಿ, ಆದರೆ ಮಷಿನ್ ಹಚ್ಚಬೇಡಿ.

ಮೊದಲನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆಯಿಲ್ ಬದಲಿಸಿದ ವಾರಕ್ಕೇ ಗೇರ್‌ಬಾಕ್ಸ್ ಮಲಗಿದ ಗಾಡಿಗಳು ನಮ್ಮ ಗ್ಯಾರೇಜಿಗೂ ಬರುತ್ತವೆ. ಮಾಲೀಕರನ್ನು ಕೂರಿಸಿ ಚಹಾ ಕೊಟ್ಟು ಕೇಳಿದರೆ ಒಂದೇ ಕಥೆ. ಗಾಡಿ ಆರು ತಿಂಗಳಿಂದ ಸ್ಲಿಪ್ ಆಗುತ್ತಿತ್ತು, ಅದಕ್ಕೇ ಆಯಿಲ್ ಬದಲಿಸಿದೆವು ಅನ್ನುತ್ತಾರೆ. ಒಳಗಿನ ಕ್ಲಚ್ ಪ್ಲೇಟ್‌ಗಳು ಆಗಲೇ ಸವೆದು ಹೋಗಿದ್ದವು. ಹಳೇ ಆಯಿಲ್‌ನಲ್ಲಿ ತೇಲುತ್ತಿದ್ದ ಪ್ಲೇಟಿನ ಪುಡಿ ಅಷ್ಟೋ ಇಷ್ಟೋ ಹಿಡಿತ ಕೊಡುತ್ತಿತ್ತು. ಆಯಿಲ್ ಜೊತೆ ಅದೂ ಹೋಯಿತು, ರೋಗ ಬಯಲಿಗೆ ಬಂತು. ಸಾಯುವ ಹೊತ್ತಿಗೆ ಬಂದ ಡಾಕ್ಟರ ಮೇಲೆ ಅಪವಾದ ಬಂದ ಹಾಗೆ, ಪಾಪ ಹೊಸ ಆಯಿಲ್ ಮೇಲೆ ಹೆಸರು.

ಹಾಗಾಗಿ ಆಯಿಲ್ ಕೊಳ್ಳುವ ಮೊದಲು ಗಾಡಿ ಸ್ಲಿಪ್ ಆಗುತ್ತಿದೆಯೇ ನೋಡಿ. ಹುಮನಾಬಾದ್ ಕಡೆ ಹೊರಡಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಒಂದು ಏರಿನಲ್ಲಿ ಆಕ್ಸಿಲರೇಟರ್ ನಿಧಾನವಾಗಿ ಒತ್ತಿ. ಗೇರ್ ಬದಲಾಗುವಾಗ ಇಂಜಿನ್ ಸುಮ್ನೆ ರೇಸ್ ಆಗಿ, ಗಾಡಿ ಮುಂದಕ್ಕೆ ಎಳೆಯದಿದ್ದರೆ ಅದು ಸ್ಲಿಪ್. ಆಗ ಆಯಿಲ್‌ಗೆ ದುಡ್ಡು ಹಾಕಬೇಡಿ. ಗೇರ್‌ಬಾಕ್ಸ್ ಬಿಚ್ಚುವವರ ಹತ್ತಿರ ಹೋಗಿ. ಇಂಜಿನ್ ಮತ್ತು ಗಾಡಿ ಜೊತೆಜೊತೆಗೇ ಏರಿದರೆ ಒಳಗೆ ಪ್ಲೇಟ್ ಇನ್ನೂ ಗಟ್ಟಿ ಇದೆ ಎಂದೇ ತಿಳಿಯಿರಿ.

ಬೆಳಗಿನ ಝಟ್ಕಾಕ್ಕೂ ಆಯಿಲ್‌ಗೂ ನಂಟು ಇರಲೇಬೇಕು ಅಂತಿಲ್ಲ. ತಣ್ಣಗಿದ್ದಾಗ ಇಂಜಿನ್ ಜಾಸ್ತಿ ಸುತ್ತುತ್ತದೆ. ಆಗಲೇ ರಿವರ್ಸ್ ಹಾಕಿದರೆ ಯಾವ ಆಟೊಮ್ಯಾಟಿಕ್ ಆದರೂ ಒದೆಯುತ್ತದೆ. ಇಂಜಿನ್ ವೇಗದ ಮುಳ್ಳು ಕೆಳಗಿಳಿಯಲಿ, ಆಮೇಲೆ ಬ್ರೇಕ್ ಒತ್ತಿ ರಿವರ್ಸ್ ಹಾಕಿ. ಆದರೂ ಬಡಿದರೆ ಇಂಜಿನ್ ಕೂರಿಸಿರುವ ರಬ್ಬರ್ ಮೌಂಟಿಂಗ್ ನೋಡಿಸಿ. ಇಷ್ಟು ವರ್ಷದ ಗಾಡಿಯಲ್ಲಿ ಆ ರಬ್ಬರ್ ಸೀಳಿರುವುದೇ ಜಾಸ್ತಿ. ನನ್ನ ಅನುಮಾನ ಅದರ ಮೇಲೇ ಇದೆ.

ಈಗ ಆಯಿಲ್ ವಿಷಯಕ್ಕೆ ಬರೋಣ. ಆಟೊಮ್ಯಾಟಿಕ್‌ನಲ್ಲಿ ಈ ಆಯಿಲ್ ಬರೀ ಗೇರಿನ ಹಲ್ಲು ನೆನೆಸುವುದಿಲ್ಲ. ಅದರ ಒತ್ತಡದಿಂದಲೇ ಕ್ಲಚ್‌ಗಳು ಹಿಡಿಯುತ್ತವೆ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರನ್ನು ಇಂಜಿನ್ನಿನ ಬಲ ದಾಟುವುದೂ ಅದರಿಂದಲೇ. ಬಿಸಿಯನ್ನು ಹೊರಗೆ ಸಾಗಿಸುವುದೂ ಅದೇ. ಆ ಬಿಸಿಯೇ ಅದರ ಶತ್ರು. ಸುಮಾರು 80 ಡಿಗ್ರಿ ದಾಟಿದ ಮೇಲೆ ಪ್ರತಿ 10–11 ಡಿಗ್ರಿಗೆ ಆಯಿಲ್‌ನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕ ನಮ್ಮ ಕಸುಬಿನಲ್ಲಿದೆ. ನಿಮ್ಮ ಬೀದರ್ ಎತ್ತರದ ಊರು, ನಮಗಿಂತ ತಂಪು. ಇಲ್ಲಿ ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿಕೊಂಡು ಸೂಪರ್ ಮಾರ್ಕೆಟ್ ಸಂದಿಯಲ್ಲಿ ತೆವಳುವ ಗಾಡಿಯ ಪಾಡು ಕೇಳಬೇಡಿ.

ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಬಿಳಿ ಬಟ್ಟೆಗೆ ಒರೆಸಿ. ಹೊಸ ಆಯಿಲ್ ರೂಹ್ ಅಫ್ಜಾದಂತೆ ಕೆಂಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ, ವಯಸ್ಸಾಗಿದೆ ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮಾತ್ರ ಪ್ಲೇಟ್ ಸುಟ್ಟಿದೆ ಎಂದರ್ಥ.

ನಿಮ್ಮ ಗಾಡಿಯ ತಳದ ಬೋಲ್ಟ್ ಬಿಚ್ಚಿದರೆ ಬರುವುದು ಎರಡೂವರೆ ಲೀಟರ್ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಟಾರ್ಕ್ ಕನ್ವರ್ಟರ್‌ನಲ್ಲಿ, ಸಂದಿಗೊಂದಿಗಳಲ್ಲಿ ಉಳಿಯುತ್ತದೆ. ಮಷಿನ್ ಬೇಕು ಅನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ವರ್ಷಗಟ್ಟಲೆ ತಳದಲ್ಲಿ ಕೂತ ಕೆಸರನ್ನು ಒತ್ತಡ ಕೊಟ್ಟು ಎಬ್ಬಿಸಿದರೆ ಅದು ಆಯಿಲ್ ಒತ್ತಡವನ್ನು ಕ್ಲಚ್‌ಗಳಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಒಮ್ಮೆಯೂ ಬದಲಿಸದ ಗಾಡಿಗೆ ನಾನಂತೂ ಆ ಪೈಪ್ ಹಚ್ಚುವುದಿಲ್ಲ. ಬಂದಷ್ಟು ಇಳಿಸಿ, ಅಷ್ಟೇ ಹೊಸದು ತುಂಬಿ, ಒಂದೆರಡು ವಾರ ಓಡಿಸಿ. ಮತ್ತೆ ಇಳಿಸಿ ತುಂಬಿ. ಮೂರನೇ ಸಲಕ್ಕೆ ಒಳಗಿನದರಲ್ಲಿ ಶೇ. 80ರಷ್ಟು ಹೊಸದಾಗಿರುತ್ತದೆ. ತಡವಾಗುತ್ತದೆ, ಹೌದು. ಗೇರ್‌ಬಾಕ್ಸಿಗೆ ಏನು ಅವಸರ?

ಬೋಲ್ಟ್ ವಿಷಯದಲ್ಲಿ ಹುಷಾರು. ನಿಮ್ಮ ಕಾರಿನ ತಳದಲ್ಲಿ ಎರಡು ಬೋಲ್ಟ್‌ಗಳಿವೆ. ಇಂಜಿನ್ ಆಯಿಲ್‌ನದು ಮಾಮೂಲಿ ಆರು ಮೂಲೆಯದು, ಪಾನಾ ಹಾಕಿ ಬಿಚ್ಚುವಂಥದ್ದು. ಗೇರ್‌ಬಾಕ್ಸ್‌ನದರ ನಡುವೆ ಚೌಕದ ಗುಂಡಿ. ರ‍್ಯಾಚೆಟ್‌ನ 3/8 ಇಂಚಿನ ಚೌಕ ಸೀದಾ ಅದರೊಳಗೆ ಕೂರುತ್ತದೆ. ಹೊಸ ಹುಡುಗರು ಇಂಜಿನ್ ಆಯಿಲ್ ಎಂದುಕೊಂಡು ಗೇರ್‌ಬಾಕ್ಸ್ ಖಾಲಿ ಮಾಡಿ, ಮೇಲಿಂದ ಇಂಜಿನ್ನಿಗೆ ಮತ್ತೊಂದು ಡಬ್ಬಿ ಸುರಿದುಬಿಡುತ್ತಾರೆ. ಎದುರಿಗೆ ನಿಂತು ನೋಡಿ, ಸಂಕೋಚ ಬೇಡ.

ಬಿಚ್ಚಿದ ಬೋಲ್ಟ್‌ನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ಜಿಗುಟು ಮೆತ್ತಿರುತ್ತದೆ. ಬೆರಳಲ್ಲಿ ತೀಡಿ ನೋಡಿ. ಕಾಡಿಗೆಯಂತೆ ನುಣ್ಣಗಿದ್ದರೆ ಒರೆಸಿ ಹಾಕಿ, ಅದು ಸಹಜ ಸವೆತ. ಚುಚ್ಚುವ ಚೂರು ಸಿಕ್ಕರೆ ಮಾತ್ರ ಕೆಲಸ ಅಲ್ಲಿಗೇ ನಿಲ್ಲಿಸಿ ದೊಡ್ಡವರಿಗೆ ತೋರಿಸಿ. ವಾಷರ್ ಹೊಸದೇ ಇರಲಿ. ಬಿಗಿಯುವಾಗ 49 ನ್ಯೂಟನ್ ಮೀಟರ್ ಸಾಕು. ಕೇಸಿಂಗ್ ಅಲ್ಯೂಮಿನಿಯಂ. ಪೈಲ್ವಾನಿಕೆ ತೋರಿಸಿದರೆ ಆಟೆ (ಥ್ರೆಡ್) ಕಿತ್ತುಬರುತ್ತದೆ.

ಆಯಿಲ್ ಮಾತ್ರ ಹೋಂಡಾದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಡಿಡಬ್ಲ್ಯೂ-1 ಹಾಕಿ. ನಿಮ್ಮ ಪುಸ್ತಕದಲ್ಲಿ ಜೆಡ್-1 ಎಂದಿರಬಹುದು, ಅದರ ಜಾಗಕ್ಕೇ ಇದು ಬಂದಿದೆ. “ಎಲ್ಲಾ ಆಟೊಮ್ಯಾಟಿಕ್‌ಗೂ ನಡೆಯುತ್ತದೆ” ಅನ್ನುವ ಡಬ್ಬಿ ಬೇಡ. ಪ್ಲೇಟ್ ಎಷ್ಟು ಜಾರಿ ಹಿಡಿಯಬೇಕು ಎಂಬುದು ಆಯಿಲ್ ಮೇಲೆ ನಿಂತಿದೆ, ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಬೀದರ್‌ನಲ್ಲಿ ಸಿಗದಿದ್ದರೆ ಹೈದರಾಬಾದ್‌ನಿಂದ ತರಿಸಿ.

ಕೊನೆಗೆ ಮಟ್ಟ ನೋಡುವುದು. ಗಾಡಿ ಸಮ ಜಾಗದಲ್ಲಿರಲಿ. ರೇಡಿಯೇಟರ್ ಫ್ಯಾನ್ ತಿರುಗುವ ತನಕ ಬಿಸಿ ಮಾಡಿ. ಹೋಂಡಾದಲ್ಲಿ ಇಂಜಿನ್ ಆರಿಸಿ, 60ರಿಂದ 90 ಸೆಕೆಂಡಿನೊಳಗೆ ಡಿಪ್‌ಸ್ಟಿಕ್ ನೋಡಬೇಕು. ಬೇರೆ ಎಷ್ಟೋ ಕಂಪನಿ ಗಾಡಿಗಳಲ್ಲಿ ಇಂಜಿನ್ ಚಾಲೂ ಇಟ್ಟೇ ನೋಡುತ್ತಾರೆ, ಆ ರೂಢಿ ಇಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ. ಮೇಲಿನ ಗೆರೆ ದಾಟುವಷ್ಟು ತುಂಬಬೇಡಿ. ಜಾಸ್ತಿಯಾದರೆ ಗೇರುಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ.

ಪ್ರಶ್ನೆ: ನನ್ನದು 2016ರ ಸೆಲೆರಿಯೊ, ಕ್ಲಚ್ ಪೆಡಲ್ ಇಲ್ಲದ ಗಾಡಿ. ಇದಕ್ಕೂ ಆಟೊಮ್ಯಾಟಿಕ್ ಆಯಿಲ್ ಬದಲಿಸಬೇಕಾ?
– ಓದುಗರು, ಯಾದಗಿರಿ

ಉತ್ತರ: ಇಲ್ಲ ತಮ್ಮಾ. ನಿಮ್ಮದು ಎಎಂಟಿ. ಒಳಗಿರುವುದು ಸಾದಾ ಗೇರ್‌ಬಾಕ್ಸೇ, ಸಾದಾ ಕ್ಲಚ್ಚೇ. ನಿಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಹೈಡ್ರಾಲಿಕ್ ಯಂತ್ರ ಮಾಡುತ್ತದೆ. ಹಾಗಾಗಿ ಗೇರ್‌ಬಾಕ್ಸಿಗೆ ಪುಸ್ತಕದಲ್ಲಿ ಹೇಳಿದ ಗೇರ್ ಆಯಿಲ್, ಆ ಯಂತ್ರಕ್ಕೆ ಅದರದೇ ಸಣ್ಣ ಡಬ್ಬಿಯ ಆಯಿಲ್. ಕೆಂಪು ಎಟಿಎಫ್ ಎಲ್ಲಿಗೂ ಬೇಡ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿಯುವ ಚಾಳಿ ಇದ್ದರೆ ಬಿಡಿ, ಬ್ರೇಕ್ ಒತ್ತಿ. ಈ ಗಾಡಿಗಳ ಕ್ಲಚ್ ಸುಡುವುದು ಹಾಗೆಯೇ.

ಪ್ರಶ್ನೆ: 2006ರ ಕೊರೊಲಾ ಆಟೊಮ್ಯಾಟಿಕ್. ನಿಲ್ಲಿಸಿದ ಜಾಗದ ಫರಸಿಯ ಮೇಲೆ ಕೆಂಪು ಹನಿ ಕಾಣುತ್ತಿದೆ. ಗೇರ್‌ಬಾಕ್ಸ್ ಸೋರುತ್ತಿದೆಯೇ? ಕಲಬುರಗಿಗೆ ಎಳೆಸಿಕೊಂಡು ಬರಲೇ?
– ಓದುಗರು, ಸೇಡಂ

ಉತ್ತರ: ನಿಮ್ಮ ಗಾಡಿಯಲ್ಲಿ ಕೆಂಪು ಮೂರು ಕಡೆ ಇದೆ: ಗೇರ್‌ಬಾಕ್ಸ್, ಪವರ್ ಸ್ಟೇರಿಂಗ್, ಕೂಲಂಟ್. ರಾತ್ರಿ ಅಡಿಗೆ ರಟ್ಟು ಹಾಸಿ, ಬೆಳಿಗ್ಗೆ ಹನಿಯನ್ನು ಬೆರಳಲ್ಲಿ ಮುಟ್ಟಿ. ನೀರಿನಂತೆ ಇದ್ದು ಸಿಹಿ ವಾಸನೆ ಬಂದರೆ ಕೂಲಂಟ್. ಎಣ್ಣೆ ಜಿಡ್ಡಿದ್ದರೆ ಸ್ಟೇರಿಂಗ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಅದು ಇಳಿಯದಿದ್ದರೆ ಗೇರ್‌ಬಾಕ್ಸ್‌ನದೇ. ಆಗ ಮೊದಲು ಆ ಆಯಿಲ್ ತಂಪಾಗಲೆಂದು ರೇಡಿಯೇಟರ್ ತಳಕ್ಕೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ತಡವಿ. ನಮ್ಮ ಬಿಸಿಲಿಗೆ ಆ ರಬ್ಬರ್ ಕಟ್ಟಿಗೆಯಂತಾಗಿ ಕ್ಲಿಪ್ ಹತ್ತಿರ ಬಿರುಕು ಬಿಡುತ್ತದೆ. ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಲಸ್ಸಿಯಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಇಂಜಿನ್ ಚಾಲೂ ಮಾಡಲೇಬೇಡಿ. ರೇಡಿಯೇಟರ್ ಒಳಗೇ ಒಡೆದು ನೀರು, ಆಯಿಲ್ ಬೆರೆತಿವೆ. ಹಗ್ಗ ಕಟ್ಟಿ ಎಳೆಸುವುದೂ ಬೇಡ. ಇಂಜಿನ್ ಆರಿದ್ದರೆ ಗೇರ್‌ಬಾಕ್ಸಿನ ಪಂಪ್ ತಿರುಗದು, ಚಕ್ರ ಮಾತ್ರ ತಿರುಗುತ್ತದೆ. ಸೇಡಂನಿಂದ ಇಲ್ಲಿಗೆ ಬರುವಷ್ಟರಲ್ಲಿ ಒಳಗೆಲ್ಲಾ ಒಣಗಿ ಉಜ್ಜಿರುತ್ತದೆ. ಮುಂದಿನ ಚಕ್ರ ಎತ್ತಿ ತರುವ ಗಾಡಿಯನ್ನೋ, ಪೂರ್ತಿ ಹೇರಿಕೊಂಡು ಬರುವ ಲಾರಿಯನ್ನೋ ಕರೆಸಿ.