ಅಣ್ಣಿಗೇರಿ ಹತ್ತಿರದ ದೊಡ್ಡ ಮನೆ: ಸಂಚಕಾರ ಕೊಡುವ ಮುಂಚೆ ಒಂದು ಮಳೆ ನೋಡಿ

ಅಕ್ಕಾರೆ, ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಅಣ್ಣಿಗೇರಿಯಿಂದ 4 ಕಿ.ಮೀ., ಊರ ಅಂಚಿನಲ್ಲಿ 12 ಗುಂಟೆ, ಹಳೆಯ ಮಾಳಿಗೆ ಮನೆ (ಮಣ್ಣಿನ ಚಾವಣಿಯದು), ಹಿತ್ತಲಲ್ಲಿ ಕೊಟ್ಟಿಗೆ, ಬಾವಿ, ಬೇವಿನ ಮರ. ಮಾಲೀಕರು ಪುಣೆಯಲ್ಲಿದ್ದಾರೆ. 62 ಲಕ್ಷ ಹೇಳಿದ್ದಾರೆ, ಈ ವಾರವೇ 5 ಲಕ್ಷ ಸಂಚಕಾರ (ಮುಂಗಡ) ಕೇಳಿದ್ದಾರೆ. ಅತ್ತೆ-ಮಾವ, ಮೈದುನರ ಸಂಸಾರ ಎಲ್ಲ ಕೂಡಿ ಇರೋಕೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ತಗೊಳ್ಳಬಹುದು. ಆದರೆ ಈ ವಾರ ಬೇಡ. ಒಂದು ಜೋರು ಮಳೆ ಬಿದ್ದ ಮೇಲೆ ಇನ್ನೊಮ್ಮೆ ಹೋಗಿ ನೋಡಿ, ಆಮೇಲೆ ಸಂಚಕಾರದ ಮಾತು. ಆ ಕಡೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಎರೆ ಭೂಮಿಯ ಮನೆ ಬೇಸಿಗೆಯಲ್ಲಿ ಒಂದು ಥರ, ಮಳೆಗಾಲದಲ್ಲಿ ಇನ್ನೊಂದು ಥರ ಇರುತ್ತದೆ.

ನಿಮ್ಮ ಮೂರನೇ ಫೋಟೋ ನೋಡಿ. ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಬಿರುಕು ಹೋಗಿದೆ. ಗಿಲಾವು (ಪ್ಲಾಸ್ಟರ್) ಮಾತ್ರ ಒಡೆದಿದ್ದರೆ ಅದು ಕೂದಲೆಳೆಯಂತೆ ಇರುತ್ತದೆ, ಎತ್ತ ಬೇಕೆಂದರೆ ಅತ್ತ ಹೋಗಿರುತ್ತದೆ. ಇದು ಹಾಗಿಲ್ಲ. ಕೆಳಗೆ ಸಣ್ಣದು, ಮೇಲೆ ಅಗಲ. ಅಂದರೆ ಪಾಯದ ಒಂದು ಕಡೆ ಎದ್ದಿದೆ, ಇಲ್ಲವೇ ಕುಸಿದಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದಲ್ವಾ, ಮನೆಯ ಕೆಳಗೂ ಅದೇ ಮಣ್ಣು. ಎರೆ ಆಳವಾಗಿರುವ ಕಡೆ ಸುಮಾರು 3.5 ಮೀಟರ್ ತನಕ ಈ ಆಟ ನಡೆಯುತ್ತದೆ. ಹಳೆಯ ಪಾಯ ಎರೆಯ ಕೆಳಗಿನ ಗಟ್ಟಿ ಗರಸು ಮಣ್ಣಿಗೆ ಮುಟ್ಟಿದ್ದರೆ ಚಿಂತೆ ಕಡಿಮೆ. ಮುಟ್ಟದಿದ್ದರೆ ಬಿರುಕಿಗೆ ಎಷ್ಟು ಸಿಮೆಂಟ್ ತುಂಬಿದರೂ ಮುಂದಿನ ವರ್ಷ ಪಕ್ಕದಲ್ಲೇ ಇನ್ನೊಂದು ಬರುತ್ತದೆ.

ಒಂದು ಕೆಲಸ ಮಾಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಅಗಲವಾದ ಕಡೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿಯ ಎರಡು ತುದಿಯನ್ನು ಸಿಮೆಂಟ್ ಇಟ್ಟು ಕೂರಿಸಿ. ಮಾಲೀಕರನ್ನು ಕೇಳಿಯೇ ಮಾಡಿ, ಬೇಡ ಅನ್ನಲಿಕ್ಕಿಲ್ಲ. ಮಳೆಯಾದ ಮೇಲೆ ಗಾಜು ಒಡೆದಿದ್ದರೆ ಮನೆ ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ. ಆಗ ಗುತ್ತಿಗೆದಾರರ ಬದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನ್ನು ಕರೆಸಿ. ಪಾಯದ ಪಕ್ಕ ಒಂದು ಕಡೆ ಅಗೆದು ನೋಡಿದರೆ ಎಲ್ಲಿ ತನಕ ಕಲ್ಲು ಇದೆ ಅಂತ ಗೊತ್ತಾಗುತ್ತದೆ.

ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಫೋಟೋದಲ್ಲಿ ಬಚ್ಚಲ ಹಿಂದೆ, ಗೋಡೆಗೆ ಹತ್ತಿಕೊಂಡೇ ಬಾಳೆ ಗಿಡ ಇವೆ. ವರ್ಷವಿಡೀ ಆ ಮೂಲೆ ಮಾತ್ರ ಹಸಿ, ಉಳಿದ ಮನೆ ಒಣ. ಬಿರುಕಿಗೆ ಇದೇ ಕಾರಣ ಇರಬಹುದು. ಹಾಗಿದ್ದರೆ ನೀರನ್ನು ಪೈಪ್‌ನಲ್ಲಿ ದೂರ ಒಯ್ದರೆ ಅರ್ಧ ರೋಗ ವಾಸಿ. ಬೇವಿನ ಮರ ಗೋಡೆಗೆ ತೀರ ಹತ್ತಿರ ಇದೆ, ನೆಲದ ಪಸೆಯನ್ನೆಲ್ಲ ಎಳೆಯುತ್ತದೆ. ಆದರೆ ಖರೀದಿ ಆದ ಮರುದಿನವೇ ಕಡಿಸಬೇಡಿ. ಮರ ಹೋದ ಮೇಲೆ ಮಣ್ಣಿನಲ್ಲಿ ನೀರು ನಿಂತು ಆ ಭಾಗ ಉಬ್ಬಬಹುದು. ಇಂಜಿನಿಯರ್ ಹತ್ತಿರ ಇದನ್ನೂ ಕೇಳಿ.

ಇನ್ನು ಹಗೇವು, ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ನಾವು ಲಕ್ಷ್ಮೇಶ್ವರದ ಕಡೆ ಇಂಥದ್ದೇ ಮನೆಯನ್ನು ಬೇಸಿಗೆಯಲ್ಲಿ ನೋಡಿ, ಬೇಸಿಗೆಯಲ್ಲೇ ಖರೀದಿ ಮುಗಿಸಿದೆವು. ಮೊದಲ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವ್ವ ಪಡಸಾಲೆ ಕಸ ಗುಡಿಸುವಾಗ ಒಂದು ಫರಸಿ ಕಲ್ಲು ಅಲುಗಾಡಿತು. ಸಂಜೆಗೆ ನಾಲ್ಕು ಕಲ್ಲು ಗೇಣುದ್ದ ಕೆಳಗೆ ಇಳಿದಿದ್ದವು. ಎತ್ತಿ ನೋಡಿದರೆ ಕೆಳಗೆ ಜೋಳ ತುಂಬುವ ಹಳೆಯ ಹಗೇವು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಫರಸಿ ಹಾಕಿಬಿಟ್ಟಿದ್ದರು. ಒಳಗೆ ಮಳೆನೀರು ಇಳಿದಿತ್ತು. ಗರಸು ತಂದು ಪದರ ಪದರವಾಗಿ ದಮ್ಮಸು ಮಾಡಿ ತುಂಬಲು ಮೂರು ಟ್ರೇಲರ್ ಬೇಕಾಯಿತು. ಅವ್ವ ಅಲ್ಲೇ ನಿಂತಿದ್ದಳಲ್ಲ ಅಂತ ಈಗಲೂ ನೆನಪಾದರೆ ಎದೆ ಝಲ್ ಅನ್ನುತ್ತದೆ.

ಹಾಗಾಗಿ ನೀವು ಹೋದಾಗ ಒಂದು ಒನಕೆ ತಗೊಂಡು ಪಡಸಾಲೆ, ಅಂಗಳ, ಕೊಟ್ಟಿಗೆ ಎಲ್ಲ ಕಡೆ ಕುಟ್ಟಿ ನೋಡಿ. ಟೊಳ್ಳು ಇದ್ದ ಕಡೆ ದನಿಯೇ ಬೇರೆ ಬರುತ್ತದೆ. ಆ ಓಣಿಯ ವಯಸ್ಸಾದವರನ್ನು ಕೇಳಿ, ಅವರಿಗೆ ಯಾವ ಮನೆಯಲ್ಲಿ ಎಷ್ಟು ಹಗೇವು ಇದ್ದವು ಅಂತ ಬಾಯಿಪಾಠ. ಸಿಕ್ಕರೆ ಯಾರನ್ನೂ ಒಳಗೆ ಇಳಿಸಬೇಡಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ಇಳಿದವರು ಮೇಲೆ ಬರುವುದಿಲ್ಲ. ಮೇಲಿನಿಂದಲೇ ತುಂಬಿಸಿ.

ಮಾಳಿಗೆ ವಿಷಯ. ಒಂದು ಅಡಿ ದಪ್ಪ ಮಣ್ಣು ಅಂದರೆ ಒಂದು ಚದರ ಅಡಿಗೆ 45-50 ಕೆ.ಜಿ. ಭಾರ, ತೋಯ್ದರೆ ಇನ್ನೂ ಜಾಸ್ತಿ. ನಿಮ್ಮ ಫೋಟೋದಲ್ಲಿ ಅದರ ಮೇಲೆ ಕಾಂಕ್ರೀಟ್ ಬೇರೆ ಹಾಕಿದ ಹಾಗೆ ಕಾಣುತ್ತದೆ. ಸೋರುವುದು ನಿಲ್ಲಲಿ ಅಂತ ಹಾಕಿರುತ್ತಾರೆ, ಭಾರವೆಲ್ಲ ಜಂತಿಗಳ (ಚಾವಣಿ ಹೊರುವ ಮರದ ತೊಲೆಗಳ) ಮೇಲೆ ಬೀಳುತ್ತದೆ. ಒಂದು ದಬ್ಬಣ ತಗೊಂಡು ಪ್ರತಿ ಜಂತಿ ಗೋಡೆಯೊಳಗೆ ಹೋಗುವ ತುದಿಯಲ್ಲಿ ಚುಚ್ಚಿ. ನಡುವೆ ಚುಚ್ಚಿದರೆ ಪ್ರಯೋಜನವಿಲ್ಲ, ಗೆದ್ದಲು ಗೋಡೆಯಿಂದಲೇ ಬರುತ್ತದೆ. ದಬ್ಬಣ ಸುಮ್ನೆ ಒಳಗೆ ಇಳಿದರೆ ಆ ಜಂತಿ ಹೋಯಿತು ಅಂತಲೇ ಲೆಕ್ಕ. ಎಷ್ಟು ಅಂತ ಎಣಿಸಿ, ಬಡಿಗರಿಂದ ಅಂದಾಜು ತಗೊಳ್ಳಿ, ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಸಾಗವಾನಿ ಕಂಬ ನೋಡಿ ಮರುಳಾಗಬೇಡಿ, ಕಂಬ ಗಟ್ಟಿ ಇದ್ದು ಜಂತಿ ಹೋದ ಮನೆಗಳು ಬಹಳ ಇವೆ.

ಈಗ ಕಾಗದಪತ್ರ. ಇದರಲ್ಲೂ ನಮಗೆ ಪೆಟ್ಟು ಬಿದ್ದಿದೆ. ಲಕ್ಷ್ಮೇಶ್ವರದ ಮನೆಗಿಂತ ಮುಂಚೆ ಬೇರೆ ಮನೆಯೊಂದಕ್ಕೆ 2 ಲಕ್ಷ ಸಂಚಕಾರ ಕೊಟ್ಟಿದ್ದೆವು. ‘ತಂಗಿಯರಿಗೆ ಏನೂ ಬೇಡವಂತೆ’ ಅಂತ ಅಣ್ಣತಮ್ಮಂದಿರು ಹೇಳಿದರು, ನಾವೂ ನಂಬಿದೆವು. ಖರೀದಿ ದಿನ ಹತ್ತಿರ ಬಂದಾಗ ಒಬ್ಬ ತಂಗಿ ಸಹಿ ಮಾಡಲ್ಲ ಅಂದಳು. ಆಕೆಯದೇನೂ ತಪ್ಪಿಲ್ಲ, ಆಕೆಯನ್ನು ಯಾರೂ ಕೇಳಿಯೇ ಇರಲಿಲ್ಲ. ನಮ್ಮ ದುಡ್ಡು ಒಂದೂವರೆ ವರ್ಷ ಸಿಕ್ಕಿಹಾಕಿಕೊಂಡಿತ್ತು.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ನೋಂದಣಿ ಆದ ವಾಟ್ನಿ (ಆಸ್ತಿ ಪಾಲು) ಇದ್ದರೆ ಮಾತು ಬೇರೆ. ನಿಮ್ಮ ಮಾಲೀಕರಿಗೆ ಇಬ್ಬರು ಅಕ್ಕಂದಿರು ಇದ್ದಾರೆ ಅಂತ ನೀವೇ ಬರೆದಿದ್ದೀರಿ. ನಾಡಕಚೇರಿಯಿಂದ ವಂಶಾವಳಿ ತರಿಸಿ. ಅದರಲ್ಲಿರುವ ಎಲ್ಲರೂ ಖರೀದಿ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಣಿ ಆದ ಹಕ್ಕು ಬಿಡುಗಡೆ ಪತ್ರ ಇರಬೇಕು. ಸಾಧ್ಯವಾದರೆ ಆ ಅಕ್ಕಂದಿರ ಜೊತೆ ನೀವೇ ಒಮ್ಮೆ ಮಾತಾಡಿ. ಹೆಣ್ಣುಮಕ್ಕಳ ಹತ್ತಿರ ಹೆಣ್ಣುಮಕ್ಕಳು ಮಾತಾಡಿದರೆ ನಿಜ ಸಂಗತಿ ಬೇಗ ತಿಳಿಯುತ್ತದೆ.

12 ಗುಂಟೆ ಪೂರ್ತಿ ಗಾಂವಠಾಣದಲ್ಲಿ (ಊರಿನ ವಸತಿ ಜಾಗದಲ್ಲಿ) ಇದೆಯಾ ಅಂತ ನೋಡಿ. ಊರ ಅಂಚಿನ ಮನೆಗಳಲ್ಲಿ ಮನೆ ಪಂಚಾಯಿತಿ ಉತಾರದಲ್ಲಿ, ಹಿತ್ತಲು ಪಹಣಿಯಲ್ಲಿ ಇರುವುದು ಸಾಮಾನ್ಯ. ಮನೆಗೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಬೇಕು. 11ಬಿ ಇದ್ದರೆ ಬ್ಯಾಂಕಿನವರು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಹಿತ್ತಲು ಪಹಣಿಯಲ್ಲಿದ್ದು, ದೊಡ್ಡ ಸರ್ವೆ ನಂಬರಿನ ಒಂದು ತುಂಡಾಗಿದ್ದರೆ 11ಇ ನಕಾಶೆ (ಆ ತುಂಡನ್ನು ಅಳೆದು ಮಾಡುವ ಸರ್ವೆ ನಕ್ಷೆ) ಆಗದೆ ನೋಂದಣಿ ಆಗುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಬೋಜಾ ಇದೆಯಾ ಅಂತಲೂ ಕಣ್ಣಾಡಿಸಿ. ಇ.ಸಿ. (ಋಣಭಾರ ಪ್ರಮಾಣಪತ್ರ) ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಕೊಡಿ.

ಬಾವಿ ನೀರನ್ನು ಕುಡಿಯುವ ಮುಂಚೆ ಲ್ಯಾಬಿಗೆ ಕೊಡಿ. ಗದಗ ಸೀಮೆಯಲ್ಲಿ ಫ್ಲೋರೈಡ್ ಕಾಟ ಇದೆ, ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಮಕ್ಕಳ ಹಲ್ಲಿಗೆ ಕಷ್ಟ. ಬೆಣ್ಣಿಹಳ್ಳದ ನೀರು 2019ರ ಆಗಸ್ಟ್‌ನ ಪ್ರವಾಹದಲ್ಲಿ ಎಲ್ಲಿ ತನಕ ಬಂದಿತ್ತು ಅಂತ ಓಣಿಯವರನ್ನು ಕೇಳಿ.

ದುಡ್ಡಿನ ಬಗ್ಗೆ ಒಂದೇ ಮಾತು. ವ್ಯವಹಾರ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಟಿ.ಡಿ.ಎಸ್. (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. 62 ಲಕ್ಷಕ್ಕೆ 62 ಸಾವಿರ. ಇದನ್ನು ಮೊದಲೇ ಮಾಲೀಕರಿಗೆ ಹೇಳಿಡಿ. ಸಂಚಕಾರ ಬ್ಯಾಂಕ್ ಮೂಲಕವೇ ಕೊಡಿ, ಅಕ್ಕಂದಿರು ಸಹಿ ಹಾಕದಿದ್ದರೆ ಇಂತಿಷ್ಟು ದಿನದಲ್ಲಿ ದುಡ್ಡು ವಾಪಸ್ ಅಂತ ಸಂಚಕಾರ ಪತ್ರದಲ್ಲಿ ಬರೆಸಿ.

ಮಳೆಯಾದ ಮೇಲೆ ನೀವು ಹೋಗುವ ದಿನ ತಿಳಿಸಿ, ನಾನೂ ನಮ್ಮ ಬಡಿಗರನ್ನು ಕರೆದುಕೊಂಡು ಬರುತ್ತೇನೆ. ದಬ್ಬಣ ನನ್ನ ಹತ್ತಿರ ಇದೆ. ನೀವು ಒಂದು ಏಣಿ, ಬ್ಯಾಟರಿ, ಜಂತಿಗೆ ಗುರುತು ಹಾಕಲು ಸುಣ್ಣದ ಕಡ್ಡಿ ತನ್ನಿ.