ಕುತ್ತಿಗೆಯಲ್ಲಿ ಗಂಟೇ ಇಲ್ಲ, ಆದರೂ ಕೊಯ್ಯಬೇಕಾ?

ನಿಮ್ಮ ಮಾವನವರಿಗೆ ನಾಲಿಗೆಯ ಬದಿಯಲ್ಲಿ ಸಣ್ಣ ಕ್ಯಾನ್ಸರ್ ಹುಣ್ಣು. ಕುತ್ತಿಗೆ ಮುಟ್ಟಿ ನೋಡಿದರೆ ಗಂಟು ಸಿಗುತ್ತಿಲ್ಲ. ಆದರೂ ಸರ್ಜನ್ ‘ಕುತ್ತಿಗೆಯ ಗ್ರಂಥಿಗಳನ್ನೂ ಈಗಲೇ ತೆಗೀಬೇಕು, ಇದಕ್ಕೆ ಸಂಶೋಧನಾ ಪೇಪರ್ ಇದೆ’ ಅಂದರು. ಬಡ್ತಿಗೆ ಬರೆಯುವ ಪೇಪರ್ ನಂಬಿ ಕುತ್ತಿಗೆ ಒಡ್ಡಬೇಕಾ ಅಂತ ನಿಮ್ಮ ಪ್ರಶ್ನೆ.

ನಾನು ಡಾಕ್ಟರಲ್ಲ. ರಾಯಚೂರಿನ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ. ಪಿಜಿ ಹುಡುಗರು, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುವ ಡಾಕ್ಟರುಗಳು, ಥೀಸಿಸ್‌ಗೆ ಹಳೇ ಕೇಸ್ ಶೀಟ್ ಕೇಳಿದಾಗ ಧೂಳು ಕೊಡವಿ ತೆಗೆದುಕೊಡುವವನು. ಬರೀ ಡಿಗ್ರಿಗೆ, ಬಡ್ತಿಗೆ ಬರೆದವೂ ಇವೆ, ಸುಳ್ಳು ಯಾಕೆ ಹೇಳಲಿ. ನಲವತ್ತು ಶೀಟು ತಿರುವಿ, ಶೇಕಡಾ ಲೆಕ್ಕ ಹಾಕಿ, ಬೈಂಡ್ ಮಾಡಿಸಿದರೆ ಮುಗೀತು.

ನಿಮ್ಮ ಸರ್ಜನ್ ಹೇಳಿದ್ದು ಆ ಪೈಕಿಯದಲ್ಲ ಅನ್ನಿಸುತ್ತದೆ. ಮುಂಬೈ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಅವರ ತಂಡ 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ್ದು ಇದೇ ವಿಷಯದ ಮೇಲೆ. ಅಲ್ಲಿಯವರೆಗೆ ಸರ್ಜನ್‌ಗಳಲ್ಲೇ ಎರಡು ಪಂಗಡ. ಕಣ್ಣಿಗೆ ಕಾಣದಷ್ಟು ಕ್ಯಾನ್ಸರ್ ಗ್ರಂಥಿಯಲ್ಲಿ ಕೂತಿರಬಹುದು, ಈಗಲೇ ತೆಗೆಯೋಣ ಅನ್ನುವವರು ಒಂದು ಕಡೆ. ಎಷ್ಟೋ ಜನರಲ್ಲಿ ಅದು ಇರುವುದೇ ಇಲ್ಲ, ಗಂಟು ಎದ್ದಾಗ ನೋಡೋಣ ಅನ್ನುವವರು ಇನ್ನೊಂದು ಕಡೆ. ಇವರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 500 ಜನರ ಲೆಕ್ಕ ಬಂದಾಗ, ಮೊದಲೇ ಕುತ್ತಿಗೆ ಆಪರೇಷನ್ ಆದವರಲ್ಲಿ ಮೂರು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 80, ಕಾದವರಲ್ಲಿ ಶೇ. 67.5. ಅಂದರೆ ಎಂಟು ಜನರಿಗೆ ಮೊದಲೇ ಮಾಡಿದರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ. ತೊಂದರೆಯೂ ಸ್ವಲ್ಪ ಜಾಸ್ತಿ: ಶೇ. 3.6 ಇದ್ದದ್ದು ಶೇ. 6.6. ಅದನ್ನೂ ಅವರೇ ಬರೆದಿದ್ದಾರೆ.

ಇಂಥ ಅಂಕಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ನಾನು ಚಿಕ್ಕ ಪ್ರಮಾಣದಲ್ಲಿ ನೋಡಿದ್ದೇನೆ. ಒಬ್ಬ ಪಿಜಿ ಮೇಡಂ ಬಾಯಿ ಕ್ಯಾನ್ಸರ್ ರೋಗಿಗಳ ಪಟ್ಟಿ ಹಿಡಿದು ನಮ್ಮ ಟೇಬಲ್ಲಿನ ಮೂಲೆಯಲ್ಲಿ ಕೂತು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದರು. ಅರ್ಧಕ್ಕರ್ಧ ಸ್ವಿಚ್ ಆಫ್. ಕೆಲವರು ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಊರಲ್ಲಿ ಮುದುಕಿ ಒಬ್ಬಳೇ. ಒಂದು ನಂಬರು ಹತ್ತಿತು.

‘ಅಮ್ಮಾರ, ಯಜಮಾನ್ರು ಹೆಂಗದಾರ್ರಿ?’

‘ಅವರು ಹೋಗಿ ದೀಪಾವಳಿಗೆ ವರ್ಷ ಆತ್ರಿ. ಈಗ್ಯಾಕ ಕೇಳಾಕತ್ತೀರಿ?’

ಮೇಡಂ ತಿಂಗಳು ಬರೆದುಕೊಂಡರು. ಆಮೇಲೆ ಒಂದು ತಾಸು ಯಾವ ನಂಬರೂ ಒತ್ತಲಿಲ್ಲ, ಪೆನ್ನಿನ ಕ್ಯಾಪು ತೆಗೆಯುತ್ತಾ ಹಾಕುತ್ತಾ ಕೂತಿದ್ದರು.

ಅದಕ್ಕೇ ಹೇಳುವುದು, ನಮ್ಮ ಕಡೆಯವರಿಗೆ ಆ ಪೇಪರಿನ ಮಾತು ಇನ್ನೂ ಹೆಚ್ಚು ಒಪ್ಪುತ್ತದೆ. ಇದು ನನ್ನ ಅಭಿಪ್ರಾಯ, ಪೇಪರಿನದಲ್ಲ. ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಪದೇ ಪದೇ ಬಂದು ಕುತ್ತಿಗೆ ತೋರಿಸಬೇಕು. ದೇವದುರ್ಗದಿಂದಲೋ ಲಿಂಗಸುಗೂರಿನಿಂದಲೋ ಬರುವವನಿಗೆ ಬಸ್ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ. ಎರಡು ಸಲ ಬಂದು ಮೂರನೇ ಸಲ ತಪ್ಪಿಸುತ್ತಾರೆ. ಆ ಶೀಟುಗಳೆಲ್ಲ ನನ್ನ ಕಪಾಟಿನಲ್ಲೇ ಇವೆ.

ಸಂಶೋಧನೆ ಅಂದರೆ ಎಲ್ಲವೂ ಕಂಪನಿಗಾಗಿ ಅಂತಲೂ ತಿಳಿಯಬೇಡಿ. ಅದೇ ಟಾಟಾದಲ್ಲಿ ವಿಜಯ್ ಪಾಟೀಲ್ ಅವರ ತಂಡ, ವಾಸಿಯಾಗದ ಹಂತ ತಲುಪಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ನಿವೊಲುಮ್ಯಾಬ್ ಅನ್ನುವ ದುಬಾರಿ ಔಷಧಿಯನ್ನು ಬೇರೆ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿತು. ಮಾಮೂಲಿ ಡೋಸಿನ ಮುಂದೆ ಇದು ಚೂರು. ಒಂದು ವರ್ಷ ಬದುಕಿದವರು ಬರೀ ಮಾತ್ರೆಯ ಗುಂಪಿನಲ್ಲಿ ಶೇ. 16.3, ಇದನ್ನೂ ಸೇರಿಸಿದ ಗುಂಪಿನಲ್ಲಿ ಶೇ. 43.4. ಔಷಧಿ ಮಾರುವವನು ‘ಕಡಿಮೆ ಕೊಟ್ಟರೆ ಸಾಲದಾ’ ಅಂತ ಯಾವತ್ತಾದರೂ ಕೇಳುತ್ತಾನಾ?

ಸರ್ಜನ್ ಹತ್ತಿರ ಎರಡು ಮಾತು ಕೇಳಿ. ಹುಣ್ಣು ಎಷ್ಟು ಆಳ ಇಳಿದಿದೆ? ಭುಜ ಎತ್ತುವ ನರವನ್ನು ಉಳಿಸುತ್ತಾರಾ? ಆಪರೇಷನ್ ಆದ ಮೇಲೆ ಭುಜ ಬಿಗಿಯುವುದುಂಟು, ಫಿಸಿಯೋಥೆರಪಿ ಬಿಡಬೇಡಿ. ಗುಟ್ಕಾ, ಅಡಿಕೆ ಎರಡೂ ಬಂದ್. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಮತ್ತೆ, ಅಡ್ಮಿಷನ್ ಚೀಟಿಯಲ್ಲಿ ಮಾವನವರ ನಂಬರಿನ ಜೊತೆಗೆ ಊರು ಬಿಟ್ಟು ಹೋಗದ ಯಾರದಾದರೂ ಒಂದು ನಂಬರು ಬರೆಸಿ. ಕಿರಾಣಿ ಅಂಗಡಿಯವನದಾದರೂ ಸರಿ.