ಉತ್ತರ ಸಿಗದ ಪ್ರಶ್ನೆಯನ್ನು ಹುಡುಕಿ, ಮಾಷ್ಟ್ರೇ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವ. ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಸ್ವಲ್ಪ ಅಡಿಕೆ ತೋಟ ಇದೆ. ನಮ್ಮ ಸುತ್ತಿನ ಕೃಷಿಕರ ವಾಟ್ಸಾಪ್ ಗ್ರೂಪಿಗೆ ಹೋದ ತಿಂಗಳು ನನ್ನನ್ನು ಅಡ್ಮಿನ್ ಮಾಡಿದರು. 340 ಜನ ಇದ್ದಾರೆ. ಬೆಳಗಾದರೆ ಶುಭೋದಯದ ಚಿತ್ರಗಳು, ಎಲ್ಲಿಂದಲೋ ಬಂದ ಫಾರ್ವರ್ಡ್‌ಗಳು, ಚುನಾವಣೆ ಬಂದರೆ ಜಗಳ. ಮೊಬೈಲಿನ ವಿಷಯ ನನಗೆ ಅಷ್ಟಕ್ಕಷ್ಟೆ. ಈ ಕೆಲಸಕ್ಕೆ ಏನೆಲ್ಲ ಗೊತ್ತಿರಬೇಕು? ಯಾರೋ ಏನೋ ಹಾಕಿದರೆ ನನ್ನ ಮೇಲೆ ಕೇಸ್ ಬೀಳುತ್ತದಾ?

ಉತ್ತರ: ಮಾಷ್ಟ್ರೇ, ಕೇಸಿನ ಹೆದರಿಕೆಯನ್ನು ಮೊದಲು ಬಿಡಿ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಪೋಸ್ಟಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಡ್ಮಿನ್ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೀಗೆ ಹೇಳಿತ್ತು. ನೀವೇ ಹಾಕಿದರೆ, ಅಥವಾ ಹಾಕಿದವರ ಜೊತೆ ಸೇರಿಕೊಂಡರೆ, ಆ ಮಾತು ಬೇರೆ. ಹಾಗಂತ ಕೆಟ್ಟದ್ದು ಬಂದಾಗ ಸುಮ್ನೆ ಕೂರಬೇಡಿ. ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ. ಆ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ದಾರಿ ಅಲ್ಲೇ ಕಾಣುತ್ತದೆ. ಮೊಬೈಲಿನ ವಿಷಯದಲ್ಲಿ ನಿಮಗೆ ಬೇಕಾಗುವುದು ಇಂಥ ನಾಲ್ಕೈದು ಕೆಲಸ ಮಾತ್ರ. ಮೊಮ್ಮಕ್ಕಳು ಒಂದು ಸಂಜೆಯಲ್ಲಿ ಹೇಳಿಕೊಡುತ್ತಾರೆ.

ಕಷ್ಟದ ಕೆಲಸ ಬೇರೆ ಇದೆ. ನಾನೂ ಕೆಲವು ವರ್ಷ ಇಂಥದ್ದೇ ಗ್ರೂಪ್ ನೋಡಿಕೊಂಡಿದ್ದೇನೆ. ಒಂದು ಜುಲೈಯಲ್ಲಿ ವಯಸ್ಸಾದ ಅಮ್ಮ ಒಬ್ಬರು ಧ್ವನಿ ಮೆಸೇಜ್ ಹಾಕಿದ್ದರು. ತೋಟದಲ್ಲಿ ಕಾಯಿ ಉದುರುತ್ತಿದೆ, ಏನು ಮಾಡಲಿ ಅಂತ. ಅದೇ ಹೊತ್ತಿಗೆ ಇಬ್ಬರ ನಡುವೆ ರಾಜಕೀಯದ ಜಗಳ ಶುರುವಾಗಿ ಅರವತ್ತು ಮೆಸೇಜ್ ಬಂತು. ನಾನು ಇಡೀ ದಿನ ಆ ಜಗಳ ಬಿಡಿಸುವುದರಲ್ಲೇ ಇದ್ದೆ. ಅಮ್ಮನ ಪ್ರಶ್ನೆ ಅಡಿಯಲ್ಲಿ ಉಳಿದುಹೋಯಿತು. ನಾನು ಅದನ್ನು ಕೇಳಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಅವರ ತೋಟವಿಡೀ ಹರಡಿತ್ತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ರಾತ್ರಿ ಊಟ ಆದಮೇಲೆ ಗ್ರೂಪನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದೆ. ಜಗಳ, ಚಿತ್ರ ಎಲ್ಲ ದಾಟಿ ಹುಡುಕುತ್ತಿದ್ದದ್ದು ಒಂದೇ: ಕೇಳಿ ಉತ್ತರ ಸಿಗದವರು ಯಾರಾದರೂ ಇದ್ದಾರಾ? ಇದ್ದರೆ ಆ ಮೆಸೇಜಿಗೆ ರಿಪ್ಲೈ ಒತ್ತಿ ಮತ್ತೆ ಮೇಲೆ ತರುತ್ತಿದ್ದೆ. ಗೊತ್ತಿರುವವರಿಗೆ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ. ಉತ್ತರ ನಿಮಗೇ ಗೊತ್ತಿರಬೇಕೆಂದಿಲ್ಲ, ಯಾರಿಗೆ ಗೊತ್ತು ಅಂತ ಗೊತ್ತಿದ್ದರೆ ಸಾಕು. ಯಾರು ಕಸಿ ಕಟ್ಟುತ್ತಾರೆ, ಯಾರ ಮನೆ ದನ ನಿನ್ನೆ ಕರು ಹಾಕಿತು, ಯಾರು ಕಾಸರಗೋಡಿನ ಸಿಪಿಸಿಆರ್‌ಐಗೆ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಗೆ) ಹೋಗಿ ತರಬೇತಿ ಪಡೆದು ಬಂದರು, ಇದೆಲ್ಲ ತಿಳಿದುಕೊಳ್ಳುವ ಆಸಕ್ತಿ ನಿಮಗಿದೆಯಾ? ಮಾಷ್ಟ್ರಾಗಿದ್ದವರಿಗೆ ಊರಿನ ಅರ್ಧ ಜನ ಹಳೆಯ ವಿದ್ಯಾರ್ಥಿಗಳೇ ಅಲ್ವಾ? ಆ ಬಲ ಎಲ್ಲರಿಗೂ ಸಿಗುವುದಿಲ್ಲ.

ತಿರುಗಿ ಕೇಳುವುದನ್ನೂ ರೂಢಿ ಮಾಡಿಕೊಳ್ಳಿ. "ಕಾಯಿ ಉದುರುತ್ತಿದೆ" ಅಂದರೆ ಯಾರೂ ಉತ್ತರ ಹೇಳಲಾರರು. ಮಳೆಗಾಲದಲ್ಲಿ ಉದುರಿದರೆ ಕೊಳೆರೋಗ ಇರಬಹುದು. ಬೇಸಿಗೆಯಲ್ಲಿ ನಳ್ಳಿ (ಎಳೆಯ ಕಾಯಿ) ಉದುರಿದರೆ ನೀರಿನ ಕೊರತೆಯೋ ರಸ ಹೀರುವ ತಿಗಣೆಯ ಕಾಟವೋ ಇರಬಹುದು. ಕಾಯಿಯ ತೊಟ್ಟಿನ ಹತ್ತಿರದ ಫೋಟೋ ಕಳಿಸಿ, ಮದ್ದು ಹೊಡೆದು ಎಷ್ಟು ದಿನ ಆಯಿತು ಹೇಳಿ, ಹೀಗೆ ನೀವು ಕೇಳಿದರೆ ಬಲ್ಲವರು ತಾವಾಗಿ ಮುಂದೆ ಬರುತ್ತಾರೆ.

ಫಾರ್ವರ್ಡ್‌ಗಳಲ್ಲಿ ಶುಭೋದಯದ ಚಿತ್ರದ ಮೇಲೆ ಸಿಟ್ಟು ಬೇಡ. ಬೆಳಿಗ್ಗೆ ಒಂಬತ್ತರೊಳಗೆ ಹಾಕಿ ಮುಗಿಸಿ ಅಂದರೆ ಸಾಕು. ಹೆದರಬೇಕಾದದ್ದು ಮದ್ದಿನ ಅಳತೆ ಇರುವ ಫಾರ್ವರ್ಡಿಗೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅದರಲ್ಲೇ ಒಂದು ಸೊನ್ನೆ ತಪ್ಪಿದ ಮೆಸೇಜ್ ಓಡಾಡಿದ್ದನ್ನು ನೋಡಿದ್ದೇನೆ. ಹೊಸ ಮದ್ದಿನದ್ದಾದರೆ ತಪ್ಪು ಯಾರಿಗೂ ಗೊತ್ತೇ ಆಗುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಯುವ ಹೊತ್ತಿಗೆ ಎಷ್ಟು ಮನೆಗಳು ನೊಂದಿದ್ದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಇದೊಂದರಲ್ಲಿ ಗಟ್ಟಿಯಾಗಿ ನಿಲ್ಲಿ. ಮದ್ದಿನ ಹೆಸರು, ಅಳತೆ ಹಾಕುವವರು ಅದನ್ನು ಯಾರು ಹೇಳಿದ್ದು, ಯಾವ ಬೆಳೆಗೆ ಎಂದೂ ಬರೆಯಬೇಕು. ಇಲ್ಲದಿದ್ದರೆ ಅಳಿಸಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದದ್ದು, ಬರೆದವರು ಯಾರೆಂದು ಕಳಿಸಿದವರಿಗೂ ತಿಳಿದಿರುವುದಿಲ್ಲ.

ಜಗಳ ಆದಾಗ ಗ್ರೂಪಿನಲ್ಲಿ ತೀರ್ಪು ಕೊಡಬೇಡಿ. 340 ಜನರ ಎದುರು ಸೋಲಲು ಯಾರಿಗೂ ಮನಸ್ಸು ಬರುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ. ತೀರಾ ಬಿಸಿಯಾದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಒಂದು ರಾತ್ರಿ ಮಾಡಿ, ಬೆಳಿಗ್ಗೆ ತೆಗೆಯಿರಿ. ಅದನ್ನೇ ಕಾಯಂ ಮಾಡಿದರೆ ಜಗಳದ ಜೊತೆ ಪ್ರಶ್ನೆಗಳೂ ನಿಂತುಹೋಗುತ್ತವೆ.

ನಮ್ಮ ಕಡೆಯ ಅಡ್ಮಿನ್‌ಗೆ ಇನ್ನೊಂದು ಕೆಲಸ ಇದೆ. ಬೇರೆ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಶಾಲೆಯಲ್ಲಿ ಕಲಿತ ಎಷ್ಟೋ ಹಿರಿಯರು ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಆದರೆ ಓದಲು ಬಾರದು. ಸಬ್ಸಿಡಿ ಅರ್ಜಿಯ ಮಲಯಾಳ ನೋಟಿಸಿನ ಫೋಟೋ ಗ್ರೂಪಿಗೆ ಬರುತ್ತದೆ. ಅವರು ನೋಡುತ್ತಾರೆ, ದಾಟುತ್ತಾರೆ. ಕೊನೆಯ ದಿನ ಕಳೆದ ಮೇಲೆ ವಿಷಯ ತಿಳಿಯುತ್ತದೆ. ನಿಮಗೆ ಮಲಯಾಳ ಓದಲು ಬಂದರೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ: ಏನು ಸಿಗುತ್ತದೆ, ಯಾರಿಗೆ, ಯಾವ ಕಾಗದ ಬೇಕು, ಕೊನೆಯ ದಿನ ಯಾವುದು. ಬಾರದಿದ್ದರೆ ಓದಬಲ್ಲ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು ಜೊತೆ ಅಡ್ಮಿನ್ ಮಾಡಿಕೊಳ್ಳಿ. ಅನುಮಾನ ಇದ್ದರೆ ಕೃಷಿಭವನಕ್ಕೆ (ಊರಿನ ಸರಕಾರಿ ಕೃಷಿ ಕಚೇರಿಗೆ) ಫೋನ್ ಮಾಡಿ ಕೇಳಿಯೇ ಹಾಕಿ. ಜೊತೆಗೆ ಒಂದು ನಿಮಿಷದ ಧ್ವನಿ ಮೆಸೇಜೂ ಇರಲಿ, ಕಣ್ಣು ಮಂಜಾದವರಿಗೆ. ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲೇ ಉತ್ತರ ಬರಲಿ. ಕನ್ನಡ ಗ್ರೂಪ್ ಅಂತ ಯಾರನ್ನೂ ತಿದ್ದಲು ಹೋಗಬೇಡಿ.

ಪ್ರಶ್ನೆ: ಮಂಜೇಶ್ವರ ಕಡೆಯ ನಮ್ಮ ಗ್ರೂಪಿನಲ್ಲಿ ಅರ್ಧದಷ್ಟು ಹೆಂಗಸರೇ ಇದ್ದೇವೆ, ಆದರೆ ಯಾರೂ ಬರೆಯುವುದಿಲ್ಲ. ಯಾಕೆ?

ಉತ್ತರ: ಬರೆದ ಕೂಡಲೇ ನಿಮ್ಮ ಹೆಸರು, ನಂಬರು ಗುರುತಿಲ್ಲದವರ ಕಣ್ಣಿಗೂ ಬೀಳುತ್ತದೆ. ರಾತ್ರಿ ಯಾರೋ "ಹಾಯ್" ಕಳಿಸುತ್ತಾರೆ. ಒಮ್ಮೆ ಹಾಗಾದರೆ ಯಾರೂ ಮತ್ತೆ ಬರೆಯುವುದಿಲ್ಲ, ಅಲ್ವಾ? ಇಬ್ಬರು ಹೆಂಗಸರನ್ನು ಅಡ್ಮಿನ್ ಮಾಡಲು ಹೇಳಿ. ಪ್ರಶ್ನೆಯನ್ನು ಅವರಿಗೆ ಕಳಿಸಿದರೆ ಹೆಸರು ಹೇಳದೆ ಗ್ರೂಪಿಗೆ ಹಾಕಲಿ. ನಂಬರು ಹಿಡಿದು ಕಾಟ ಕೊಟ್ಟವರನ್ನು ಎಚ್ಚರಿಕೆ ಇಲ್ಲದೆ ಅದೇ ದಿನ ತೆಗೆಯಬೇಕು. ಅವರು ಯಾರ ನೆಂಟರಾದರೂ ಸರಿ.